ಕೆಂಪು ಇಳಿದರೂ ಮಂಜು ಇಳಿಯದು

ಮಳೆಗಾಲ ಕಾಲಿಟ್ಟಿತೆಂದರೆ ನಗರದ ಮನೆಗಳಿಗೆ ಕರೆಯದೆ ಬರುವ ಅತಿಥಿಗಳಲ್ಲಿ ಕಣ್ಣುಬೇನೆಯೂ ಒಂದು. ಶಾಲೆಯಿಂದ ಹಿರಿಯ ಮಗ ಅದನ್ನು ಹೊತ್ತು ತರುತ್ತಾನೆ. ವಾರ ಕಳೆಯುವುದರೊಳಗೆ ತಂಗಿಯ ಕಣ್ಣೂ ಕೆಂಡದಂತಾಗುತ್ತದೆ. ಇಬ್ಬರ ಕಣ್ಣನ್ನೂ ಒರೆಸಿ ಆರೈಕೆ ಮಾಡಿದ ತಾಯಿ ಮೂರನೆಯವಳಾಗುತ್ತಾಳೆ. ಕೆಂಗಣ್ಣು ಎನ್ನುವವರುಂಟು, ಮದ್ರಾಸ್ ಐ ಎನ್ನುವವರುಂಟು. ಅಜ್ಜಿ ನಂದಿಬಟ್ಟಲ ಹೂವನ್ನು ಅರಸಿ ಹೋದರೆ, ಯಜಮಾನರು ಔಷಧದಂಗಡಿಗೆ ಹೋಗಿ ‘ಕಣ್ಣಿಗೆ ಏನಾದರೂ ಕೊಡಿ’ ಎಂದು ಕೇಳಿ ಪುಟ್ಟ ಬಾಟಲಿಯೊಂದನ್ನು ತರುತ್ತಾರೆ. ೨೦೨೩ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಈ ಬೇನೆ ಹಬ್ಬಿದಾಗ, ಕಪ್ಪು ಕನ್ನಡಕ ತೊಟ್ಟ ಮಕ್ಕಳನ್ನು ಕಾಣದ ಬೀದಿಯೇ ಇರಲಿಲ್ಲವೆನ್ನಬೇಕು.

ಬಹುಮಂದಿಯ ಪಾಲಿಗೆ ಕಥೆ ಅಲ್ಲಿಗೇ ಮುಗಿಯುತ್ತದೆ. ವಾರ, ಹತ್ತು ದಿನ ಕಣ್ಣು ನೀರು ಸುರಿಸಿ, ಚುಚ್ಚಿ, ಅಂಟಿಕೊಂಡು, ಕಡೆಗೆ ತಾನಾಗಿಯೇ ತಿಳಿಯಾಗುತ್ತದೆ. ಆದರೆ ಕೆಲವರ ಪಾಲಿಗೆ ಕಥೆಯ ಎರಡನೆಯ ಭಾಗ ಆಗಷ್ಟೇ ಆರಂಭವಾಗುತ್ತದೆ. ಮೇಲೆ ಹೇಳಿದ ಮನೆಯ ತಾಯಿ ಒಬ್ಬ ಉಪಾಧ್ಯಾಯಿನಿಯೆಂದು ಕಲ್ಪಿಸಿಕೊಳ್ಳಬಹುದು. ಕಣ್ಣಿನ ಕೆಂಪು ಇಳಿದಿದೆ. ಆಕೆ ಶಾಲೆಗೆ ಮರಳಿದ್ದಾಳೆ. ಆದರೆ ಕಪ್ಪುಹಲಗೆಯ ಮೇಲಿನ ಅಕ್ಷರಗಳು ಏಕೋ ಮಸಕು. ಸಂಜೆ ಹಾದಿಯಲ್ಲಿ ಎದುರಿನಿಂದ ಬರುವ ವಾಹನದ ದೀಪದ ಸುತ್ತಲೂ ಪ್ರಭಾವಳಿ. ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತರೆ ಮಂಜಿನ ತೆರೆಯೊಂದು ಇಳಿಬಿದ್ದಂತೆ. ಕನ್ನಡಕ ಬದಲಾಯಿಸಿದರೂ ಫಲವಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ಅಚ್ಚ ಬಿಳುಪು! ರೋಗ ಹೋಯಿತಲ್ಲ, ಇದೇನು ವಿಚಿತ್ರ?

ಗಡಿಯಾರದ ಗಾಜು

ಈ ವೈಚಿತ್ರ್ಯದ ಮೂಲ ಕಾರ್ನಿಯಾದಲ್ಲಿದೆ. ಗಡಿಯಾರದ ಮುಖಕ್ಕೆ ಗಾಜು ಹೇಗೋ, ಕಣ್ಣಿನ ಪಾಪೆಯ ಮುಂದೆ ಕಾರ್ನಿಯಾ ಹಾಗೆ. ನಡುಭಾಗದಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಕಣ್ಣಿನೊಳಕ್ಕೆ ಬರುವ ಬೆಳಕನ್ನು ಬಾಗಿಸಿ ಒಂದೆಡೆ ಕೂಡಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದೇ. ಇದರಲ್ಲಿ ರಕ್ತನಾಳಗಳಿಲ್ಲ, ತನಗೆ ಬೇಕಾದ ಆಮ್ಲಜನಕವನ್ನು ಬಹುಮಟ್ಟಿಗೆ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ಮೇಲೆ ಐದಾರು ಸಾಲು ಜೀವಕೋಶಗಳ ತೆಳುವಾದ ಹೊದಿಕೆ. ಅದರ ಕೆಳಗೆ, ನೇಯ್ದ ಬಟ್ಟೆಯ ಎಳೆಗಳಂತೆ ಅಚ್ಚುಕಟ್ಟಾಗಿ ಜೋಡಿಸಿದ ಕೊಲಾಜೆನ್ ನಾರುಗಳ ದಪ್ಪ ಪದರ. ಈ ಅಚ್ಚುಕಟ್ಟುತನವೇ ಕಾರ್ನಿಯಾದ ಪಾರದರ್ಶಕತೆಯ ರಹಸ್ಯ. ಎಲ್ಲಿ ಆ ಜೋಡಣೆ ಕದಡಿತೋ, ಅಲ್ಲಿ ಬೆಳಕು ಚದುರಿತು, ನೋಟ ಮಂಜಾಯಿತು.

ನೇತ್ರವೈದ್ಯರು ಆ ಉಪಾಧ್ಯಾಯಿನಿಯ ಕಣ್ಣನ್ನು ಸೀಳುಬೆಳಕಿನ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಕಾಣುವುದು ಇದೇ: ಮೇಲುಹೊದಿಕೆಯ ಕೆಳಗೆ ಅಲ್ಲಲ್ಲಿ ಚದುರಿದ, ಸಣ್ಣ ನಾಣ್ಯಗಳನ್ನು ಎರಚಿದಂತಿರುವ, ಬೂದುಬಿಳುಪಿನ ಚುಕ್ಕೆಗಳು. ಅವು ನಡುಭಾಗದಲ್ಲಿ, ಪಾಪೆಯ ಎದುರಿಗೇ ಬಿದ್ದರೆ ನೋಟಕ್ಕೆ ಅಡ್ಡಿ. ಕೆಲವರಲ್ಲಿ ಅವು ವಾರಗಳಲ್ಲಿ ಕರಗುತ್ತವೆ. ಕೆಲವರಲ್ಲಿ ತಿಂಗಳುಗಟ್ಟಲೆ, ಅಪರೂಪಕ್ಕೆ ವರ್ಷಗಟ್ಟಲೆ ಉಳಿಯುತ್ತವೆ.

ವಿಯೆನ್ನಾದಿಂದ ಹಡಗುಕಟ್ಟೆಗೆ

ಈ ಚುಕ್ಕೆಗಳು ವೈದ್ಯಶಾಸ್ತ್ರಕ್ಕೆ ಹೊಸವಲ್ಲ. ವಿಯೆನ್ನಾ ನಗರದ ಪ್ರಸಿದ್ಧ ನೇತ್ರವೈದ್ಯ ಅರ್ನ್ಸ್ಟ್ ಫುಕ್ಸ್ ೧೮೮೯ರಲ್ಲಿಯೇ ಇವನ್ನು ವರ್ಣಿಸಿದ್ದರು. ಕಾರಣ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಲ್ಲಿ, ಹವಾಯಿ ದ್ವೀಪದ ಪರ್ಲ್ ಹಾರ್ಬರ್ ಹಡಗುಕಟ್ಟೆಯ ಕೆಲಸಗಾರರಲ್ಲಿ ಕಣ್ಣುಬೇನೆ ಕಾಡ್ಗಿಚ್ಚಿನಂತೆ ಹಬ್ಬಿತು. ಅಲ್ಲಿಂದ ಅಮೆರಿಕದ ಪಶ್ಚಿಮ ತೀರದ ಹಡಗುಕಟ್ಟೆಗಳಿಗೂ ದಾಟಿತು. ‘ಹಡಗುಕಟ್ಟೆಯ ಕಣ್ಣು’ ಎಂದೇ ಅದಕ್ಕೆ ಹೆಸರಾಯಿತು. ವಿಪರ್ಯಾಸವೆಂದರೆ, ಕಣ್ಣಿಗೆ ಬಿದ್ದ ಲೋಹದ ಚೂರನ್ನು ತೆಗೆಸಿಕೊಳ್ಳಲು ಕಾರ್ಮಿಕರು ಹೋಗುತ್ತಿದ್ದ ಚಿಕಿತ್ಸಾಲಯಗಳಲ್ಲಿಯೇ, ಆರೈಕೆ ಮಾಡುವವರ ಕೈಗಳಿಂದಲೂ ಉಪಕರಣಗಳಿಂದಲೂ ರೋಗ ಒಬ್ಬರಿಂದೊಬ್ಬರಿಗೆ ಸಾಗುತ್ತಿತ್ತು!

೧೯೫೩ರಲ್ಲಿ ಅಮೆರಿಕದ ಸಂಶೋಧಕ ವ್ಯಾಲೇಸ್ ರೋ ಮತ್ತು ಸಂಗಡಿಗರು, ಮಕ್ಕಳ ಮೂಗಿನ ಹಿಂಭಾಗದಿಂದ ಕತ್ತರಿಸಿ ತೆಗೆದ ಅಡೆನಾಯ್ಡ್ ಗ್ರಂಥಿಗಳಲ್ಲಿ ಹೊಸ ವೈರಸ್ಸೊಂದನ್ನು ಕಂಡರು. ಗ್ರಂಥಿಯ ಹೆಸರಿನಿಂದಲೇ ಅದು ಅಡೆನೋವೈರಸ್ ಎನಿಸಿಕೊಂಡಿತು. ೧೯೫೫ರಲ್ಲಿ ಅರ್ನೆಸ್ಟ್ ಜಾವೆಟ್ಸ್ ಮತ್ತು ಸಹೋದ್ಯೋಗಿಗಳು ಅದರ ಎಂಟನೆಯ ಬಗೆಯನ್ನು ಕಣ್ಣುಬೇನೆಯ ರೋಗಿಯಿಂದ ಬೇರ್ಪಡಿಸಿದರು. ಹಡಗುಕಟ್ಟೆಯ ಕಣ್ಣಿನ ಬಗೆಯ ಬೇನೆಗೆ ಕಾರಣವಾದ ಕಳ್ಳ ಸಿಕ್ಕಿಬಿದ್ದ!

ಎಲ್ಲ ಕೆಂಗಣ್ಣೂ ಈ ವೈರಸ್ಸಿನದಲ್ಲ. ೧೯೬೯ರಲ್ಲಿ ಘಾನಾ ದೇಶದಲ್ಲಿ ಕಾಣಿಸಿಕೊಂಡು, ಮಾನವ ಚಂದ್ರನ ಮೇಲೆ ಕಾಲಿಟ್ಟ ವರ್ಷದ್ದೆಂದು ಅಲ್ಲಿಯ ಜನರಿಂದ ‘ಅಪೊಲೊ’ ಎಂದು ಕರೆಸಿಕೊಂಡ ಬೇನೆ, ೧೯೭೧ರಲ್ಲಿ ಕಲ್ಕತ್ತೆಯ ಜನ ‘ಜಯ್ ಬಾಂಗ್ಲಾ’ ಎಂದು ಹೆಸರಿಟ್ಟ ಬೇನೆ, ಇವು ಎಂಟೆರೋವೈರಸ್ ಎಂಬ ಬೇರೆ ಬಳಗದವು. ಅವು ಬೇಗ ಬಂದು ಬೇಗ ಹೋಗುತ್ತವೆ. ಬೆನ್ನ ಹಿಂದೆ ನಾಣ್ಯದಂತಹ ಚುಕ್ಕೆಗಳನ್ನು ಬಿಟ್ಟುಹೋಗುವುದರಲ್ಲಿ ಅಡೆನೋವೈರಸ್ಸೇ ಮುಂದು.

ಕಳ್ಳ ಹೋದ ಮೇಲಿನ ಕಾವಲು

ಹಾಗಾದರೆ ಆ ಚುಕ್ಕೆಗಳು ಏನು? ವೈರಸ್ಸಿನ ಗೂಡುಗಳೇ? ಅಲ್ಲ. ರಾತ್ರಿ ಮನೆಗೆ ಕಳ್ಳ ನುಗ್ಗಿದ, ಕಾವಲುಗಾರರು ದೊಣ್ಣೆ ಹಿಡಿದು ಧಾವಿಸಿ ಬಂದರು, ಕಳ್ಳ ಓಡಿಹೋದ. ಆದರೆ ಅವನ ಹರಿದ ಅಂಗಿಯ ಚೂರು ಬಾಗಿಲಿಗೆ ಸಿಕ್ಕಿಕೊಂಡಿದೆ. ಅದನ್ನು ಕಂಡ ಕಾವಲುಗಾರರು ಕಳ್ಳ ಇನ್ನೂ ಒಳಗಿದ್ದಾನೆಂದು ಭ್ರಮಿಸಿ ಹಜಾರದಲ್ಲಿಯೇ ಬೀಡುಬಿಟ್ಟು ದೊಣ್ಣೆ ಬೀಸುತ್ತಿದ್ದರೆ ಗೃಹಸ್ಥನ ಗತಿಯೇನು? ಕಾರ್ನಿಯಾದಲ್ಲಿ ನಡೆಯುವುದೂ ಇದೇ. ಮೇಲುಹೊದಿಕೆಯ ಜೀವಕೋಶಗಳಲ್ಲಿ ಬೆಳೆದ ವೈರಸ್ ಕೆಲವು ದಿನಗಳಲ್ಲಿ ಅಳಿಯುತ್ತದೆ. ಅದರ ಪ್ರೋಟೀನುಗಳ ಅವಶೇಷ ಕೆಳಗಿನ ಪದರದಲ್ಲಿ ಉಳಿಯುತ್ತದೆ. ರೋಗವನ್ನೆದುರಿಸುವ ಬಿಳಿಯ ರಕ್ತಕಣಗಳು, ಅದರಲ್ಲಿಯೂ ಟಿ ಕಣಗಳೆಂಬ ಪಡೆ, ಆ ಅವಶೇಷದ ಸುತ್ತ ಗುಂಪುಗೂಡುತ್ತದೆ. ಆ ಗುಂಪೇ ಚುಕ್ಕೆ. ಬೇನೆ ಹತ್ತಿದ ಒಂದೆರಡು ವಾರಗಳ ಮೇಲೆ, ಕೆಂಪು ಇಳಿಯುವ ಹೊತ್ತಿಗೆ ಸರಿಯಾಗಿ, ಮಂಜು ತೋರುವುದಕ್ಕೆ ಇದೇ ಕಾರಣ.

ಆದುದರಿಂದ ಈ ಘಟ್ಟದಲ್ಲಿ ವೈರಸ್ಸನ್ನು ಕೊಲ್ಲುವ ಔಷಧದಿಂದ ಪ್ರಯೋಜನವಿಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಹನಿಗಳಿಂದಲಂತೂ ಮೊದಲೂ ಇಲ್ಲ, ಈಗಲೂ ಇಲ್ಲ. ಬೇಕಾದುದು ಕಾವಲುಗಾರರನ್ನು ಸಮಾಧಾನಪಡಿಸುವ ಉಪಾಯ.

ಎರಡು ಅಲುಗಿನ ಕತ್ತಿ

ಅಂತಹ ಉಪಾಯವೊಂದು ೧೯೫೦ರ ದಶಕದಿಂದಲೇ ವೈದ್ಯರ ಕೈಯಲ್ಲಿದೆ. ಕಾರ್ಟಿಸೋನ್ ಮತ್ತು ಅದರ ಬಳಗದ ಸ್ಟೀರಾಯ್ಡ್ ಹನಿಗಳು ಕೆಲವೇ ದಿನಗಳಲ್ಲಿ ಚುಕ್ಕೆಗಳನ್ನು ಕರಗಿಸಿ ಕಣ್ಣನ್ನು ತಿಳಿಯಾಗಿಸುತ್ತವೆ. ರೋಗಿಗೆ ಪರಮಾನಂದ. ಆದರೆ ಹನಿ ನಿಲ್ಲಿಸಿದ ಕೆಲವು ವಾರಗಳಲ್ಲಿ ಅನೇಕರಿಗೆ ಮತ್ತೆ ಅದೇ ಮಂಜು! ಅವಶೇಷ ಅಲ್ಲಿಯೇ ಇದೆ; ನಿದ್ದೆ ಹೋಗಿದ್ದ ಕಾವಲುಗಾರರು ಎಚ್ಚೆತ್ತರು, ಅಷ್ಟೆ. ಮತ್ತೆ ಹನಿ, ಮತ್ತೆ ಬೆಳಕು. ಬಿಟ್ಟರೆ ಮತ್ತೆ ಮಂಜು. ಹೀಗೆ ತಿಂಗಳುಗಳು ಉರುಳುತ್ತವೆ.

ಇದರಲ್ಲಿಯೇ ಅಪಾಯ ಅಡಗಿದೆ. ಸ್ಟೀರಾಯ್ಡ್ ಹನಿಯನ್ನು ದೀರ್ಘಕಾಲ ಬಳಸಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಏರಿದ ಒತ್ತಡ ನೋವಿಲ್ಲದೆ, ಸದ್ದಿಲ್ಲದೆ, ದೃಷ್ಟಿನರವನ್ನು ಸವೆಸುತ್ತದೆ. ಇದು ಗ್ಲಾಕೋಮಾ, ಇದರಿಂದ ಹೋದ ದೃಷ್ಟಿ ಮರಳಿ ಬಾರದು. ಕಣ್ಣಿನ ಮಸೂರದಲ್ಲಿ ಪೊರೆ ಬೆಳೆಯುವ ಭಯವೂ ಉಂಟು. ತಾನಾಗಿಯೇ ಎಂದಾದರೂ ಕರಗಬಹುದಾದ ಮಂಜನ್ನು ಓಡಿಸಹೋಗಿ ಎಂದೂ ಕರಗದ ಕತ್ತಲೆಯನ್ನು ಕರೆತಂದಂತೆ! ವೈದ್ಯರ ನಿಗಾ ಇಲ್ಲದೆ, ಹಳೆಯ ಚೀಟಿ ತೋರಿಸಿ ಔಷಧದಂಗಡಿಯಿಂದ ಮತ್ತೆ ಮತ್ತೆ ಅದೇ ಬಾಟಲಿ ತರಿಸಿಕೊಳ್ಳುವವರಿಗೆ ಈ ಅಪಾಯ ಹೆಚ್ಚು.

ಬೆಟ್ಟದ ಮಣ್ಣಿನಲ್ಲಿ ದೊರೆತದ್ದು

ಒತ್ತಡವನ್ನು ಏರಿಸದೆ, ಪೊರೆಯನ್ನು ಬೆಳೆಸದೆ, ಟಿ ಕಣಗಳನ್ನು ಮಾತ್ರ ತಣಿಸುವ ಔಷಧವಿಲ್ಲವೆ? ಈ ಪ್ರಶ್ನೆಯ ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ.

ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ಼್ ಔಷಧ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು: ರಜೆಯಲ್ಲಿ ಪ್ರವಾಸ ಹೋದ ನೌಕರರು ಹೋದಲ್ಲಿಂದ ಹಿಡಿಮಣ್ಣನ್ನು ಪುಟ್ಟ ಚೀಲದಲ್ಲಿ ತರಬೇಕು. ಮಣ್ಣಿನ ಬೂಷ್ಟುಗಳಲ್ಲಿ ಪೆನಿಸಿಲಿನ್‌ನಂತಹ ಹೊಸ ಔಷಧ ಸಿಕ್ಕೀತೆಂಬ ಆಸೆ. ೧೯೬೯ರಲ್ಲಿ ನಾರ್ವೆ ದೇಶದ ಹಾರ್ಡಾಂಗರ್‌ವಿಡ್ಡಾ ಎಂಬ ಎತ್ತರದ ಬಯಲುಸೀಮೆಯಿಂದ ಅಂತಹ ಒಂದು ಚೀಲ ಬಂದಿತು. ಅದರಲ್ಲಿದ್ದ ಬೂಷ್ಟಿನಿಂದ ಹನ್ನೊಂದು ಅಮೈನೋ ಆಮ್ಲಗಳು ಉಂಗುರದಂತೆ ಕೂಡಿಕೊಂಡ ವಸ್ತುವೊಂದು ದೊರೆಯಿತು. ಬೂಷ್ಟು ರೋಗಗಳಿಗೆ ಔಷಧವಾಗಿ ಅದು ನಿಷ್ಪ್ರಯೋಜಕ ಎನ್ನುವಷ್ಟು ದುರ್ಬಲ. ಕಸದ ಬುಟ್ಟಿಗೆ ಹೋಗಬೇಕಾಗಿದ್ದ ಆ ವಸ್ತುವನ್ನು ಬೇರೆ ಪರೀಕ್ಷೆಗಳಿಗೂ ಒಡ್ಡಿದ್ದರಿಂದ, ೧೯೭೨ರ ಜನವರಿಯಲ್ಲಿ ಅದರ ನಿಜವಾದ ಗುಣ ಹೊರಬಿದ್ದಿತು: ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ಅದು ಅಡಗಿಸುತ್ತದೆ! ಹಾರ್ಟ್‌ಮನ್ ಸ್ಟೇಹೆಲಿನ್ ಮತ್ತು ಜಾನ್ ಫ್ರಾಂಸ್ವಾ ಬೊರೆಲ್ ಅವರ ಹೆಸರುಗಳು ಈ ಶೋಧದೊಡನೆ ಸೇರಿಕೊಂಡಿವೆ. ಸೈಕ್ಲೋಸ್ಪೊರಿನ್ ಎಂಬುದೇ ಆ ವಸ್ತು. ೧೯೭೮ರಲ್ಲಿ ಕೇಂಬ್ರಿಜ್‌ನ ಶಸ್ತ್ರವೈದ್ಯ ರಾಯ್ ಕಾನ್ ಅದನ್ನು ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಟ್ಟ ವರದಿ ಹೊರಬಂದಿತು. ೧೯೮೩ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅನ್ಯರ ಅಂಗವನ್ನು ದೇಹ ತಳ್ಳಿಹಾಕದಂತೆ ತಡೆಯುವ ಆ ಔಷಧ ಅಂಗಾಂಗ ಕಸಿಯ ಚರಿತ್ರೆಯನ್ನೇ ಬದಲಾಯಿಸಿತು.

ಅದರ ಕಾರ್ಯವಿಧಾನ ಸ್ವಾರಸ್ಯಕರ. ಒಂದು ಟಿ ಕಣ ಶತ್ರುವನ್ನು ಕಂಡಾಗ ‘ಇನ್ನಷ್ಟು ಪಡೆ ಬರಲಿ’ ಎಂದು ಕೂಗುಹಾಕುತ್ತದೆ. ಇಂಟರ್‌ಲ್ಯೂಕಿನ್-೨ ಎಂಬ ರಾಸಾಯನಿಕವೇ ಆ ಕೂಗು. ಅದನ್ನು ತಯಾರಿಸಲು ಕಣದೊಳಗೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಸಂದೇಶ ಮುಟ್ಟಿಸಬೇಕು. ಸೈಕ್ಲೋಸ್ಪೊರಿನ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಕೂಗಿಲ್ಲ, ಆದುದರಿಂದ ಹೊಸ ಪಡೆಯಿಲ್ಲ. ಇರುವ ಕಾವಲುಗಾರರು ಒಬ್ಬೊಬ್ಬರಾಗಿ ಚದುರುತ್ತಾರೆ. ೧೯೮೪ರಲ್ಲಿ ಜಪಾನಿನ ಸುಕುಬಾ ಪ್ರದೇಶದ ಮಣ್ಣಿನಲ್ಲಿ ಸಿಕ್ಕ ಟ್ಯಾಕ್ರೋಲಿಮಸ್ ಎಂಬ ಇನ್ನೊಂದು ಔಷಧವೂ ಇದೇ ಕಿಣ್ವವನ್ನೇ ಕಟ್ಟುತ್ತದೆ. ಬಲದಲ್ಲಿ ಮಾತ್ರ ಅದು ಇದಕ್ಕಿಂತ ಅನೇಕ ಪಾಲು ಹೆಚ್ಚು.

ಹರಳೆಣ್ಣೆಯ ಸಹವಾಸ

ಇಡೀ ದೇಹದ ರಕ್ಷಣೆಯನ್ನು ಕುಂದಿಸುವ ಔಷಧವನ್ನು ಕಣ್ಣಿನ ಒಂದು ಚುಕ್ಕೆಗಾಗಿ ನುಂಗುವುದು ಜಾಣತನವಲ್ಲ. ಹನಿಯಾಗಿ ಹಾಕಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೆ ಸೈಕ್ಲೋಸ್ಪೊರಿನ್ ನೀರಿನಲ್ಲಿ ಕರಗದು. ಮೊದಮೊದಲು ಆಸ್ಪತ್ರೆಗಳಲ್ಲಿ ಅದನ್ನು ಎಣ್ಣೆಯಲ್ಲಿ ಕರಗಿಸಿ ಹನಿ ಮಾಡುತ್ತಿದ್ದರು; ಕಣ್ಣು ಉರಿಯುತ್ತಿತ್ತು, ನೋಟ ಜಿಡ್ಡಾಗುತ್ತಿತ್ತು. ೨೦೦೨ರ ಕೊನೆಯಲ್ಲಿ ಅಮೆರಿಕದಲ್ಲಿ ಒಣಗಣ್ಣಿನ ರೋಗಕ್ಕಾಗಿ ಅನುಮತಿ ಪಡೆದ ೦.೦೫ ಶತಾಂಶದ ಹನಿಯಲ್ಲಿ ಔಷಧವನ್ನು ಹೊತ್ತುಕೊಂಡದ್ದು ಯಾವ ಎಣ್ಣೆ ಗೊತ್ತೆ? ಅಜ್ಜಿಯರ ಅಚ್ಚುಮೆಚ್ಚಿನ ಹರಳೆಣ್ಣೆ! ಶುದ್ಧೀಕರಿಸಿದ ಹರಳೆಣ್ಣೆಯನ್ನು ನೀರಿನೊಡನೆ ಹಾಲಿನಂತೆ ಬೆರೆಸಿ ಅದರಲ್ಲಿ ಔಷಧವನ್ನಿಟ್ಟಿದ್ದರು. ಇದನ್ನೋದಿ ಯಾರೂ ಮನೆಯ ಸೀಸೆಯನ್ನು ಕಣ್ಣಿಗೆ ಬಗ್ಗಿಸಬಾರದು. ಅಲ್ಲಿ ಎಣ್ಣೆ ಬರಿಯ ವಾಹನ, ಔಷಧವಲ್ಲ.

ಒಣಗಣ್ಣಿಗೆಂದು ಬಂದ ಈ ಹನಿಯನ್ನು ನೇತ್ರತಜ್ಞರು ಅಡೆನೋವೈರಸ್ಸಿನ ಹಟಮಾರಿ ಚುಕ್ಕೆಗಳ ಮೇಲೂ ಪರೀಕ್ಷಿಸಿದ್ದಾರೆ. ಜರ್ಮನಿಯ ವೈದ್ಯರು ಎಣ್ಣೆಯಲ್ಲಿ ಕರಗಿಸಿದ ಸೈಕ್ಲೋಸ್ಪೊರಿನ್‌ನಿಂದ ಪಡೆದ ಅನುಭವವನ್ನು ೨೦೦೦ದಲ್ಲಿ ಪ್ರಕಟಿಸಿದರು. ಆ ಬಳಿಕ ಟರ್ಕಿ, ಇಸ್ರೇಲ್, ಬ್ರೆಜಿಲ್, ಭಾರತ ಮೊದಲಾದ ದೇಶಗಳಿಂದ ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್ ಹನಿ ಮತ್ತು ಮುಲಾಮುಗಳ ವರದಿಗಳು ಬಂದಿವೆ. ಅವುಗಳ ಸಾರಾಂಶ ಹೀಗೆ: ಅನೇಕ ರೋಗಿಗಳಲ್ಲಿ ಚುಕ್ಕೆಗಳು ಕುಗ್ಗುತ್ತವೆ, ನೋಟ ಸುಧಾರಿಸುತ್ತದೆ, ಸ್ಟೀರಾಯ್ಡ್ ಹನಿಯನ್ನು ಬಿಡಲು ಸಾಧ್ಯವಾಗುತ್ತದೆ; ಕಣ್ಣಿನ ಒತ್ತಡ ಏರುವುದಿಲ್ಲ. ಆದರೆ ಫಲ ದಿನಗಳಲ್ಲಿ ಅಲ್ಲ, ವಾರಗಳಲ್ಲಿ, ತಿಂಗಳುಗಳಲ್ಲಿ. ಹನಿ ಹಾಕಿದಾಗ ಉರಿ ಸಾಮಾನ್ಯ. ಔಷಧ ನಿಲ್ಲಿಸಿದ ಮೇಲೆ ಕೆಲವರಲ್ಲಿ ಚುಕ್ಕೆಗಳು ಮರಳುವುದೂ ಉಂಟು. ಈ ಅಧ್ಯಯನಗಳು ಬಹುಮಟ್ಟಿಗೆ ಚಿಕ್ಕವು. ಆದುದರಿಂದ ಇದನ್ನು ಎಲ್ಲರಿಗೂ ಸಲ್ಲುವ ರಾಮಬಾಣವೆಂದಲ್ಲ, ತಜ್ಞರು ಆಯ್ದು ಬಳಸುವ ಸಾಧನವೆಂದೇ ತಿಳಿಯಬೇಕು.

ಕಾಲ ತಪ್ಪಿದರೆ ಔಷಧವೂ ವಿಷ

ಇಲ್ಲಿ ಮುಖ್ಯವಾದುದು ಸಮಯ. ಬೇನೆಯ ಮೊದಲ ದಿನಗಳಲ್ಲಿ ಕಳ್ಳ ಮನೆಯೊಳಗೇ ಇದ್ದಾನೆ. ಆಗ ಕಾವಲುಗಾರರ ಕೈ ಕಟ್ಟಿದರೆ? ಅಡೆನೋವೈರಸ್ ತಗುಲಿಸಿದ ಮೊಲಗಳ ಕಣ್ಣಿಗೆ ಸೈಕ್ಲೋಸ್ಪೊರಿನ್ ಹಾಕಿ ನೋಡಿದ ಪ್ರಯೋಗದಲ್ಲಿ ಚುಕ್ಕೆಗಳೇನೋ ಕಡಮೆಯಾದವು; ಆದರೆ ವೈರಸ್ ಹೆಚ್ಚು ಕಾಲ ಕಣ್ಣಿನಲ್ಲಿ ಉಳಿಯಿತು. ಸ್ಟೀರಾಯ್ಡ್‌ಗಳ ವಿಷಯವೂ ಹೀಗೆಯೇ. ರೋಗಿಗೆ ಹಿತವೆನಿಸಿದರೂ ಮನೆಮಂದಿಗೆ ಸೋಂಕು ಹಂಚುವ ದಿನಗಳು ಹೆಚ್ಚಿದಂತಾಯಿತು!

ಇನ್ನೂ ಘೋರವಾದುದು ಹರ್ಪಿಸ್ ವೈರಸ್ಸಿನ ಪ್ರಸಂಗ. ತುಟಿಯಂಚಿನಲ್ಲಿ ಗುಳ್ಳೆಯೇಳಿಸುವ ಈ ವೈರಸ್ ಮುಖದ ನರಗ್ರಂಥಿಯಲ್ಲಿ ಜೀವಮಾನವಿಡೀ ಅಡಗಿದ್ದು, ಆಗಾಗ ಕಾರ್ನಿಯಾದ ಮೇಲೆ ಮರದ ಕೊಂಬೆಗಳ ಆಕಾರದ ಹುಣ್ಣನ್ನು ಮೂಡಿಸುತ್ತದೆ. ಸಾಮಾನ್ಯ ಕೆಂಗಣ್ಣೆಂದು ಭಾವಿಸಿ ಆ ಹುಣ್ಣಿಗೆ ಬರಿಯ ಸ್ಟೀರಾಯ್ಡ್ ಹನಿ ಹಾಕಿದರೆ ಕೊಂಬೆಗಳು ಹರಡಿ ಭೂಪಟದಂತಹ ದೊಡ್ಡ ಗಾಯವಾಗುತ್ತದೆ. ಕಣ್ಣೇ ಹೋಗುವ ಸಂಭವವುಂಟು. ಅದೇ ವೈರಸ್ ಒಳಪದರದಲ್ಲಿ ಉರಿಯೂತವನ್ನು ಎಬ್ಬಿಸಿದಾಗಲಾದರೋ ನಿರೋಧಕ ಪ್ರತಿಕ್ರಿಯೆಯನ್ನು ತಣಿಸುವುದು ಅವಶ್ಯ. ಆದರೆ ವೈರಸ್‌ನಾಶಕ ಔಷಧದ ರಕ್ಷಣೆಯೊಡನೆ ಮಾತ್ರ. ಅಂತಹ ಕಣ್ಣುಗಳಲ್ಲಿ, ಸ್ಟೀರಾಯ್ಡ್ ಸಹಿಸದವರಿಗೆ, ಸೈಕ್ಲೋಸ್ಪೊರಿನ್ ಹನಿಯನ್ನು ವೈದ್ಯರು ಪ್ರಯತ್ನಿಸಿದ್ದಾರೆ. ಅಮೆರಿಕದಲ್ಲಿ ೭೦೩ ರೋಗಿಗಳ ಮೇಲೆ ನಡೆದು ೧೯೯೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷಕಾಲ ಅಸೈಕ್ಲೋವಿರ್ ಮಾತ್ರೆ ನುಂಗಿದವರಲ್ಲಿ ಕಣ್ಣಿನ ಹರ್ಪಿಸ್ ಮರುಕಳಿಸಿದ್ದು ನೂರಕ್ಕೆ ೧೯ ಮಂದಿಗೆ. ನುಂಗದವರಲ್ಲಿ ನೂರಕ್ಕೆ ೩೨ ಮಂದಿಗೆ. ಒಂದೇ ಕೆಂಪು, ಒಂದೇ ಮಂಜು. ಆದರೆ ಒಂದಕ್ಕೆ ಅಮೃತವಾದುದು ಇನ್ನೊಂದಕ್ಕೆ ವಿಷ. ಯಾವುದು ಯಾವುದೆಂದು ಬರಿಗಣ್ಣಿಗೆ ತಿಳಿಯದು. ಸೂಕ್ಷ್ಮದರ್ಶಕದ ಮುಂದೆ ಗದ್ದವೂರಿ ಕುಳಿತಾಗಲೇ ತಿಳಿಯಬೇಕು.

ಮನೆಯಲ್ಲಿ ಮಾಡಬಹುದಾದುದು

ಚುಕ್ಕೆ ಬಾರದಂತೆ ತಡೆಯುವ ಅತ್ಯುತ್ತಮ ಉಪಾಯ ಬೇನೆಯೇ ಹರಡದಂತೆ ನೋಡಿಕೊಳ್ಳುವುದು. ಬೇನೆ ಬಂದವರ ಕಣ್ಣನ್ನು ದಿಟ್ಟಿಸಿ ನೋಡಿದರೆ ಅಂಟುತ್ತದೆಂಬುದು ಸುಳ್ಳು. ಅಂಟುವುದು ಕೈಯಿಂದ, ಟವಲಿನಿಂದ, ದಿಂಬಿನಿಂದ, ಒಂದೇ ಕಾಡಿಗೆ ಡಬ್ಬಿಯಿಂದ. ಅಡೆನೋವೈರಸ್ ಒಣಗಿದ ಮೇಜು, ಬಾಗಿಲ ಹಿಡಿಕೆಗಳ ಮೇಲೆಯೂ ವಾರಗಟ್ಟಲೆ ಜೀವ ಹಿಡಿದಿರಬಲ್ಲುದು. ಸೋಪು ಹಚ್ಚಿ ಕೈ ತೊಳೆಯುವುದು, ಬೇರೆ ಟವಲು, ಬೇರೆ ದಿಂಬು, ಕಣ್ಣುಜ್ಜದಿರುವುದು, ಎರಡು ವಾರ ಜನಸಂದಣಿಯಿಂದ ದೂರವಿರುವುದು, ಇವು ಖರ್ಚಿಲ್ಲದ ಔಷಧಗಳು. ಎದೆಹಾಲು, ಹೂವಿನ ರಸ, ಎಣ್ಣೆ ಮುಂತಾದವನ್ನು ಬೇನೆಯ ಕಣ್ಣಿಗೆ ಹಿಂಡಿದರೆ ಹೊಸ ಸೋಂಕಿಗೆ ಬಾಗಿಲು ತೆರೆದಂತೆ. ಬೆಳಕು ನೋಡಲಾಗದಷ್ಟು ನೋವು, ಮಸಕಾದ ನೋಟ, ಒಂದೇ ಕಣ್ಣಿನಲ್ಲಿ ಪದೇಪದೇ ಮರುಕಳಿಸುವ ಕೆಂಪು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ನೇತ್ರವೈದ್ಯರ ಬಳಿಗೆ ಹೋಗಬೇಕು.

ಮೊದಲು ಹೇಳಿದ ಉಪಾಧ್ಯಾಯಿನಿಗೂ ವೈದ್ಯರಿಗೂ ಇಂತಹ ಸಂಭಾಷಣೆ ನಡೆದೀತು:

“ಡಾಕ್ಟರೇ, ಮೊದಲಿನ ಹನಿ ಹಾಕಿದರೆ ಮೂರೇ ದಿನದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅದನ್ನೇ ಮುಂದುವರಿಸಬಾರದೆ?”

“ನೋಡಿಯಮ್ಮಾ, ಅದು ಸಾಲ ತಂದು ಹಬ್ಬ ಮಾಡಿದ ಹಾಗೆ. ಬಡ್ಡಿ ಕಣ್ಣಿನ ನರ ಕಟ್ಟಬೇಕಾಗುತ್ತದೆ. ಇದು ನಿಧಾನ, ಉರಿಯೂ ಉಂಟು. ಆದರೆ ಹಾಕಿ, ತಿಂಗಳಿಗೊಮ್ಮೆ ಬಂದು ತೋರಿಸಿ. ನಾನು ಹೇಳದೆ ನಿಲ್ಲಿಸಬೇಡಿ, ನಾನು ಹೇಳದೆ ಮತ್ತೆ ಶುರುಮಾಡಲೂ ಬೇಡಿ.”

ಆಕೆ ಮನೆಗೆ ಮರಳಿ ಮೊದಲು ಮಾಡಬೇಕಾದ ಕೆಲಸ ಹನಿ ಹಾಕಿಕೊಳ್ಳುವುದಲ್ಲ. ಗೂಡಿನಲ್ಲಿ ಅರ್ಧ ಉಳಿದಿರುವ ಹಳೆಯ ಬಾಟಲಿಯನ್ನು ಎಸೆಯುವುದು. ಮುಂದಿನ ಮಳೆಗಾಲದಲ್ಲಿ ಮಗುವಿನ ಕಣ್ಣು ಕೆಂಪಾದಾಗ, ‘ಅಂದು ಅಮ್ಮನಿಗೆ ಇದರಿಂದಲೇ ಗುಣವಾಯಿತಲ್ಲ’ ಎಂದು ಯಾರಾದರೂ ಅದಕ್ಕೆ ಕೈಹಾಕುವ ಮುನ್ನವೇ.